ಕಾದಂಬರಿಗೊಂದು ಜೋಡು

ಪುಸ್ತಕಕ್ಕೆ ಪುಸ್ತಕ ಗಂಟು ಹಾಕಲು ಹೊರಟವನಿಗೆ ಫಜೀತಿಗಳಿಗೆ ಬರವಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿ ಕಡೆ ಊರಿಂದೂರಿಗೆ ವರ್ಗವಾಗುತ್ತಿದ್ದ ಹಂಗಾಮಿ ಗ್ರಂಥಪಾಲಕ. ಯಾರೇ ಕಾದಂಬರಿ ಕೇಳಲಿ, ಅದೇ ವಿಷಯದ ಇನ್ನೊಂದು ಪುಸ್ತಕವನ್ನೂ ಕೈಗಿಡುವುದು ನನ್ನ ಹುಚ್ಚು. ಈ ಹುಚ್ಚಿನಿಂದಲೇ ಕೆಲಸ ಕಾಯಂ ಆದೀತೆಂಬ ಆಸೆ ಬೇರೆ.

ಸಿರುಗುಪ್ಪದ ಅತ್ತೆ

ಅತ್ತೆ-ಸೊಸೆ ಜಗಳದ ಕಾದಂಬರಿ ಕೇಳಿದ ಹಿರಿಯ ಹೆಂಗಸಿಗೆ ಜತೆಯಲ್ಲಿ ಗಾದೆ ಪುಸ್ತಕ ಕೊಟ್ಟೆ. ಅತ್ತೆ-ಸೊಸೆಯರ ಮೇಲೇ ಅದರಲ್ಲಿ ಹತ್ತು ಪುಟವಿತ್ತು. ವಾರದ ಮೇಲೆ ಕಾದಂಬರಿ ಮಾತ್ರ ವಾಪಸು ಬಂತು.

“ಗಾದೆ ಪುಸ್ತಕ ಎಲ್ಲಮ್ಮಾ?”

“ಸೊಸಿ ಕೊಡವಲ್ಲಳ್ರಿ. ನಾ ಒಂದು ಅಂದ್ರ ಆಕಿ ಪುಟ ತಿರುವಿ ಎರಡು ಅಂತಾಳ. ಇನ್ನೊಂದು ಪ್ರತಿ ಇದ್ರ ಕೊಡ್ರಿ, ನಾನೂ ಬಾಯಿಪಾಠ ಮಾಡ್ತೀನಿ.”

ಕುರುಗೋಡಿನ ಮಾಸ್ತರು

ಓಡಿಹೋದ ಪ್ರೇಮಿಗಳ ಕಾದಂಬರಿ ಒಯ್ದ ನಿವೃತ್ತ ಮಾಸ್ತರರಿಗೆ ಮದುವೆ ಕಾನೂನಿನ ಸಣ್ಣ ಪುಸ್ತಕ ಸೇರಿಸಿ ಕೊಟ್ಟಿದ್ದೆ. ತಿಂಗಳ ಮೇಲೆ ಬಂದವರು ಎರಡನ್ನೂ ಮೇಜಿನ ಮೇಲೆ ಕುಕ್ಕಿದರು.

“ಕಾದಂಬರಿ ನಾ ಓದಿದೆ. ಕಾನೂನು ನನ್ನ ಮಗಳು ಓದಿದ್ಲು.”

“ಆಮೇಲೆ?”

“ಕಾದಂಬರ್ಯಾಗ ಓಡಿಹೋದೋರು ಭಾಳ ಕಷ್ಟಪಟ್ರು. ನನ್ನ ಮಗಳು ರಿಜಿಸ್ಟ್ರಿ ಮದುವಿ ಮಾಡ್ಕೊಂಡು ಆರಾಮ ಅದಾಳ. ಸಿಟ್ಟಾಗಾಕೂ ಒಂದು ಕಾರಣ ಉಳಿಸ್ಲಿಲ್ಲ ನೀವು.”

ಬಳ್ಳಾರಿಯ ಬೋರ್ಡು

ಬಳ್ಳಾರಿಯ ಗಾಂಧಿನಗರದ ಗ್ರಂಥಾಲಯದಲ್ಲಿ ಜನ ಕಾದಂಬರಿ ಒಯ್ದು, ಜತೆಗೆ ಕೊಟ್ಟದ್ದನ್ನು ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದರು. ಹೇಳಿ ಹೇಳಿ ಸಾಕಾಗಿ ಬಾಗಿಲ ಹೊರಗೆ ಬೋರ್ಡು ಹಾಕಿದೆ: ‘ಕಾದಂಬರಿ ಒಯ್ಯುವವರು ಜೋಡು ಒಯ್ಯತಕ್ಕದ್ದು.’ ಚಪ್ಪಲಿಗೂ ಜೋಡು ಎನ್ನುತ್ತಾರೆಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಎಲ್ಲರೂ ಚಪ್ಪಲಿ ಬಿಡುತ್ತಿದ್ದುದು ಆ ಬೋರ್ಡಿನ ಕೆಳಗೇ.

ನನ್ನನ್ನು ಕಾಯಂ ಮಾಡಬಹುದೇ ಎಂದು ನೋಡಲು ಸಾಹೇಬರು ತನಿಖೆಗೆ ಬಂದರು. ಕಾಲಲ್ಲಿ ಹೊಸ ಚಪ್ಪಲಿ. ಎಲ್ಲ ಮೆಚ್ಚಿ ಹೊರಬಂದರೆ ಚಪ್ಪಲಿ ಇಲ್ಲ. ಬೇಸಿಗೆಯ ನೆಲಕ್ಕೆ ಒಂದು ಹೆಜ್ಜೆ ಇಟ್ಟು ಎರಡು ಹೆಜ್ಜೆ ಹಿಂದೆ ಹಾರಿದರು.

“ನಿಮ್ಮ ಕಾಯಂ ಮಾತು ನನ್ನ ಚಪ್ಪಲಿ ಸಿಕ್ಕ ಮ್ಯಾಲೆ.”

ಅಷ್ಟರಲ್ಲಿ ರಾರಾವಿ ಹಳ್ಳಿಯ ಅಜ್ಜನೊಬ್ಬ ಕುಂಟುತ್ತ ಬಂದ. ಸ್ವಲ್ಪ ಮುಂಚೆ ಬರಿಗಾಲಲ್ಲಿ ಬಂದು ಕಾದಂಬರಿ ಒಯ್ದಿದ್ದವನ ಕಾಲಲ್ಲಿ ಈಗ ಸಾಹೇಬರ ಚಪ್ಪಲಿ.

“ಕಾದಂಬರಿ ಇರ್ಲಿ ಸ್ವಾಮಿ, ಜೋಡು ಬದಲಿ ಕೊಡ್ರಿ. ಕಡೀತಾವ.” ಸಾಹೇಬರ ಬರಿಗಾಲು ಕಂಡು ಮರುಗಿದ. “ಪಾಪ, ಇವರಿಗೆ ಕಾದಂಬರಿ ಸಿಗಲಿಲ್ಲೇನ್ರಿ?”

ಸಾಹೇಬರು ನಗುತ್ತ ಮೆಟ್ಟಿಲ ಮೇಲೆ ಕುಸಿದರು. ನನಗೆ ನಗಲು ಧೈರ್ಯ ಸಾಲಲಿಲ್ಲ.

“ನಿಮ್ಮನ್ನ ಕಾಯಂ ಮಾಡಾಕ ಬರೀತೀನಿ,” ಎಂದು ಕಣ್ಣೊರೆಸಿಕೊಂಡರು. “ಮೊದ್ಲು ನನಗೊಂದು ಕಾದಂಬರಿ ಕೊಡ್ರಿ. ಜೋಡು ಹಾಕ್ಕೊಂಡು ಮನಿಗೆ ಹೋಗ್ಬೇಕು.”