ತಡವಾಗಿ ಬಾಗಿದ ಹೆಬ್ಬೆರಳು

ಟಕ್.

ಒಣಗಿದ ಹುಣಸೆಕಾಯಿ ಮುರಿದಷ್ಟೇ ಸಣ್ಣ ಸದ್ದು. ಆದರೆ ಬೀದಿಯೆಲ್ಲ ಮಲಗಿದ್ದ ಹೊತ್ತಿನಲ್ಲಿ ಅದು ಸಂಪತ್ಕುಮಾರನ ಕಿವಿಗೆ ತೆಂಗಿನಕಾಯಿ ಒಡೆದ ಹಾಗೆ ಕೇಳಿಸಿತು. ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದಿದ್ದ ಬಲಗೈ ಹೆಬ್ಬೆರಳನ್ನು ಪಂಚೆಯ ತುದಿಯಲ್ಲಿ ಅವುಚಿಕೊಂಡು, ಬಾಯಿಗೆ ಬಂದ ಕೂಗನ್ನು ನುಂಗಿಕೊಂಡ.

"ಏನ್ರೀ ಅದು ಸದ್ದು?" ಕೋಣೆಯಿಂದ ಹೆಂಡತಿ ಅಲಮೇಲು ಕೇಳಿದಳು.

"ಹಲ್ಲಿ. ನೀನು ಮಲಕ್ಕೋ."

ಹಲ್ಲಿಯ ತಲೆಗೆ ಕಟ್ಟಿದ ಈ ಕೆಲಸಕ್ಕೆ ಕಾರಣವಿತ್ತು. ಹೊಳೆನರಸೀಪುರದ ಕೋಟೆಯ ಆ ಮನೆಯಲ್ಲಿ ಹುಟ್ಟಿದವರ ಹೆಬ್ಬೆರಳು ಬೆಣ್ಣೆಯಲ್ಲಿ ಮಾಡಿದ ಹಾಗೆ ಬಾಗಿ ಮಣಿಕಟ್ಟಿನ ಮೇಲೆ ಮಲಗುತ್ತಿತ್ತು. ಅದೇ ಮನೆತನದ ಗುರುತು, ಅದೇ ಹೆಮ್ಮೆ. ಶುಭಕಾರ್ಯಗಳಲ್ಲಿ ಮನೆಯವರು ತಾಂಬೂಲ ತೆಗೆದುಕೊಳ್ಳುವ ರೀತಿಯೂ ಬೇರೆ. ಹೆಬ್ಬೆರಳನ್ನು ಮಣಿಕಟ್ಟಿಗೆ ಮಡಿಸಬೇಕು, ಆ ಕಮಾನಿನ ಮೇಲೆ ಸೋದರತ್ತೆ ಗೋದಮ್ಮ ವೀಳ್ಯದೆಲೆ ಇಡುತ್ತಿದ್ದರು. ತಮ್ಮಂದಿರಾದ ಮುರಳೀಕೃಷ್ಣ, ಗಿರಿಧರ ಇಬ್ಬರೂ ಎಲೆ ಅಲುಗದಂತೆ ಹಿಡಿದು ನಡುಮನೆಯಲ್ಲಿ ಒಂದು ಸುತ್ತು ಬರುತ್ತಿದ್ದರು. ಹಿರಿಯ ಮಗನಾದ ಸಂಪತ್ಕುಮಾರನ ಹೆಬ್ಬೆರಳು ಮಾತ್ರ ಮೈಲಿಗಲ್ಲಿನ ಹಾಗೆ ನೆಟ್ಟಗೆ. "ನೀನು ಕೈಯೊಡ್ಡಪ್ಪ" ಎಂದು ಗೋದಮ್ಮ ಅವನಿಗೆ ಅಂಗೈಗೇ ಹಾಕುತ್ತಿದ್ದರು, ಬಂದುಹೋಗುವ ನೆಂಟರಿಗೆ ಹಾಕಿದ ಹಾಗೆ.

ಸಾಲದ್ದಕ್ಕೆ ಮಾರನೆಯ ದಿನ ಬೆಂಗಳೂರಿನಿಂದ ಡಾಕ್ಟರ್ ಅನುಶ್ರೀ ಬರುವವರಿದ್ದರು. ವಂಶದಿಂದ ವಂಶಕ್ಕೆ ಬರುವ ಸಡಿಲ ಕೀಲುಗಳ ಮೇಲೆ ಅವರ ಸಂಶೋಧನೆ. ಮನೆಯವರ ಬೆರಳು ನೋಡಿ, ರಕ್ತ ತೆಗೆದುಕೊಂಡು ಹೋಗಿ, ಅದರೊಳಗಿನ ಜೀನುಗಳನ್ನು ಓದುತ್ತಾರಂತೆ.

"ಸಂಪತ್ತು, ಅವರು ಬರೋ ಹೊತ್ತಿಗೆ ನೀನು ಕಾಫಿಪುಡಿ ತರೋಕೆ ಹೋಗಿಬಿಡು," ಎಂದಿದ್ದರು ಗೋದಮ್ಮ, ಬಹಳ ಮೃದುವಾಗಿ. "ಮನೆತನ ಪುಸ್ತಕಕ್ಕೆ ಹೋಗ್ತಾ ಇದೆ. ನಿನ್ನ ಬೆರಳು ನೋಡಿ ಅವರು ಏನಂದ್ಕೋಬೇಕು?"

ಅದಕ್ಕೇ ಆ ಚೌಕಟ್ಟು, ಅದಕ್ಕೇ ಆ ಟಕ್.

ಬೆಳಿಗ್ಗೆ ನೋಡಿದರೆ ಹೆಬ್ಬೆರಳು ಪುಟ್ಟಬಾಳೆಯಷ್ಟು ಊದಿಕೊಂಡಿತ್ತು. ಮುಟ್ಟಿದರೆ ನಕ್ಷತ್ರ ಕಾಣುತ್ತಿತ್ತು. ಆದರೆ, ಆಹಾ, ಬಾಗುತ್ತಿತ್ತು. ಕೀಲು ಕಳಚಿದ ಗೇಟಿನ ಹಾಗೆ ತಾನಾಗಿ ವಾಲಿ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಸಂಪತ್ಕುಮಾರ ನೋವಿನಿಂದ ಅಳುವುದೋ ಸಂತೋಷದಿಂದ ಅಳುವುದೋ ತಿಳಿಯದೆ ಸ್ನಾನದ ಮನೆಯಲ್ಲಿ ಎರಡನ್ನೂ ಮುಗಿಸಿಕೊಂಡು, ತಾನು ಗುಮಾಸ್ತನಾಗಿದ್ದ ಅಂಚೆ ಕಚೇರಿಗೆ ಹೋದ.

ಸಂಜೆಯವರೆಗೆ ಬೆರಳನ್ನು ಜೋಪಾನ ಮಾಡಬೇಕೆಂದಿದ್ದ. ಮೊದಲ ಕಾಗದಕ್ಕೆ ಮುದ್ರೆ ಒತ್ತುತ್ತಲೇ ಹಿಡಿ ಜಾರಿ, ಬೆರಳು ಮಡಿಚಿಕೊಂಡು ಬಿತ್ತು. ಎದುರಿಗೇ ಅವನ ಮನೆಯ ಹಿಂದಿನ ಬೀದಿಯ ಕೊಬ್ಬರಿ ವ್ಯಾಪಾರಿ ಬೋರಪ್ಪ ನಿಂತಿದ್ದ.

"ಅಯ್ನೋರೆ, ನಿಮ್ದೂವೆ ಬಗ್ತದಾ? ನಿಮ್ಮೊಬ್ರುದು ಬಗ್ಗಾಕಿಲ್ಲ ಅಂತ ಊರೇ ಯೋಳ್ತಿತ್ತಲ್ಲ."

"ಬಗ್ಗತ್ತೆ ಬೋರಪ್ಪ. ನಾನು ತೋರಿಸ್ಕೊಂಡು ತಿರುಗೋದಿಲ್ಲ, ಅಷ್ಟೆ."

"ಇನ್ನೊಂದ್ ಕಿತ ಬಗ್ಸಿ ಸಾ. ಅದ್ಯಾವ್ ಮಾಯ್ದಲ್ಲಿ ಬಗ್ತೋ, ನಾನು ಸರ್ಯಾಗಿ ನೋಡ್ನೇ ಇಲ್ಲ."

ಬಗ್ಗಿಸಿದ. ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ ಪೋಸ್ಟ್‌ಮಾಸ್ಟರ್ ಪರಮಶಿವಯ್ಯ ಎದ್ದುಬಂದರು. "ಇಷ್ಟು ವರ್ಷ ಪಕ್ಕದಲ್ಲಿ ಕೂತಿದೀನಿ, ನಂಗೂ ಹೇಳ್ಲಿಲ್ವಲ್ರೀ" ಎನ್ನುತ್ತ ಬೆರಳನ್ನು ತಾವೇ ಹಿಡಿದು, ತುಕ್ಕು ಹಿಡಿದ ಬೀಗದಲ್ಲಿ ಕೀಲಿ ತಿರುಗಿಸುವವರ ಹಾಗೆ ತಿರುಗಿಸಿದರು. ಸಂಪತ್ಕುಮಾರನ ಬಾಯಿಂದ ಹೊರಟ ಸದ್ದನ್ನು ಅವರು ವಿನಯವೆಂದು ತಿಳಿದರು.

ಬೋರಪ್ಪ ಬಸ್‌ಸ್ಟ್ಯಾಂಡಿನ ಕಡೆ ಹೋದ ಮೇಲೆ ಕೌಂಟರಿನ ಮುಂದೆ ಸಾಲು ಬೆಳೆಯಿತು. ಇನ್‌ಲ್ಯಾಂಡ್ ಲೆಟರ್ ಕೇಳಿದವರೂ ಹೆಬ್ಬೆರಳು ಕೇಳಿದರು. ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬರು, ಹೊತ್ತು ಹೋಗಲಿ ಎಂದು ಎರಡು ಸಲ ಬಂದು ನೋಡಿದರು. ಮುದ್ದಮ್ಮನೆಂಬ ಮುದುಕಿ ಬೆರಳಿಗೆ ಕೈಮುಗಿದು, "ದೇವ್ರು ಕೊಟ್ಟಿದ್ದು ಕಣಪ್ಪ, ಬಚ್ಚಿಟ್ಕಬ್ಯಾಡ" ಎಂದು ಬುದ್ಧಿ ಹೇಳಿ ಹೋದಳು. ನಾಲ್ಕು ಗಂಟೆಗೆ ಅವನು ಮನೆಗೆ ಹೊರಟಾಗ ಬಲಗೈ ತನ್ನದಲ್ಲ, ಯಾರದೋ ಸಾಮಾನು ಹೊತ್ತುಕೊಂಡು ಹೋಗುತ್ತಿದ್ದೇನೆ ಎನ್ನಿಸುತ್ತಿತ್ತು.

ಜಗಲಿಯ ಮುಂದೆ ಜೀಪು ನಿಂತಿತ್ತು. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

ನಡುಮನೆಯಲ್ಲಿ ಡಾಕ್ಟರ್ ಅನುಶ್ರೀ ತಮ್ಮಂದಿರಿಬ್ಬರ ರಕ್ತ ತೆಗೆದು ಗೋದಮ್ಮನವರಿಗೆ ವಿವರಿಸುತ್ತಿದ್ದರು. ಹುಟ್ಟಿ ಬೆಳೆದದ್ದು ತೆಂಗಿನ ಸೀಮೆಯಾದ ಚನ್ನರಾಯಪಟ್ಟಣದಲ್ಲಾದ್ದರಿಂದ ಮಾತು ತೆಂಗಿನ ನಾರಿನಿಂದಲೇ ಶುರುವಾಯಿತು. "ನಾರಿನಿಂದ ಹಗ್ಗ ಹೊಸೀತಾರಲ್ಲ ಅಜ್ಜಿ, ಹಾಗೇ ಕೊಲಾಜೆನ್ ಅಂತ ಒಂದು ಎಳೆ, ನಮ್ಮ ಕೀಲುಗಳನ್ನ ಬಿಗಿಯಾಗಿ ಕಟ್ಟಿ ಹಿಡಿದಿರತ್ತೆ. ಅದನ್ನ ಹೊಸೆಯೋ ವಿಧಾನ ಜೀನಿನಲ್ಲಿ ಬರೆದಿರತ್ತೆ. ನಿಮ್ಮ ಮನೇಲಿ ಆ ಬರಹದಲ್ಲಿ ಎಲ್ಲೋ ಒಂದು ತಪ್ಪು ಸೇರ್ಕೊಂಡಿದೆ."

"ತಪ್ಪು ಅನ್ಬೇಡಿ ಮಗು," ಎಂದರು ಗೋದಮ್ಮ. "ನಾವು ಅದಕ್ಕೆ ವಂಶ ಅಂತೀವಿ."

ಆಮೇಲೆ ಹೊಸಿಲಲ್ಲಿ ನಿಂತಿದ್ದ ಅಣ್ಣನ ಮಗನನ್ನು ನೋಡಿದರು. "ಬೋರಪ್ಪ ಏನೋ ಅಂದ. ನಿಜವೇನೋ ಸಂಪತ್ತು?"

ಸಂಪತ್ಕುಮಾರ ಕೈ ಮುಂದೆ ಚಾಚಿದ. ಬೆರಳು ವಾಲಿ ಮಣಿಕಟ್ಟಿನ ಮೇಲೆ ಮಲಗಿತು.

ಅನುಶ್ರೀ ಹತ್ತಿರ ಬಂದು ಬೆರಳು ಒತ್ತಿ ನೋಡಿದರು. "ಊದಿದೆಯಲ್ಲ ಸಾರ್. ಏಟೇನಾದ್ರೂ ಬಿದ್ದಿತ್ತಾ?"

ಸಂಪತ್ಕುಮಾರ ಬಾಯಿ ತೆರೆದ. ಗೋದಮ್ಮ ಅವನ ಮುಖವನ್ನೇ ನೋಡುತ್ತಿದ್ದರು, ಹುಟ್ಟಿದಾಗಿನಿಂದ ಒಂದು ಸಲವೂ ಹಾಗೆ ನೋಡಿರಲಿಲ್ಲ.

"ಮುದ್ರೆ ಒತ್ತೀ ಒತ್ತೀ..." ಎಂದ.

"ಏಟೂ ಇಲ್ಲ, ಗೀಟೂ ಇಲ್ಲ," ಗೋದಮ್ಮ ಮುಗಿಸಿದರು. "ನಮ್ಮ ತಾತನಿಗೂ ತಡವಾಗೇ ಬಂದಿತ್ತು. ಈಗ ಜ್ಞಾಪಕ ಬರ್ತಾ ಇದೆ."

"ಎಡಗೈ?" ಎಂದರು ಡಾಕ್ಟರ್. ಎಡಗೈ ಮೈಲಿಗಲ್ಲಾಗಿಯೇ ಇತ್ತು.

"ಒಂದು ಬಾಗಿದ್ರೆ ಸಾಕು, ಊಟ ಮಾಡೋದು ಬಲಗೈಲಿ ತಾನೆ?" ಎನ್ನುತ್ತ ಗೋದಮ್ಮ ಒಳಗೆ ಹೋಗಿ ತಟ್ಟೆ ತಂದರು. ಎರಡು ವೀಳ್ಯದೆಲೆ ತೆಗೆದು ಅವನ ಬಾಗಿದ ಹೆಬ್ಬೆರಳ ಮೇಲೆ ಇಟ್ಟರು. ಎಲೆಯ ತೂಕಕ್ಕೂ ಅವನ ಪ್ರಾಣ ಹೋಗಿ ಬಂತು. ಆದರೂ ಅವನು ನಡುಮನೆಯಲ್ಲಿ ಒಂದು ಸುತ್ತು ಬಂದ, ಎಲೆ ಅಲುಗಲಿಲ್ಲ. ತಮ್ಮಂದಿರು ದಾರಿ ಬಿಟ್ಟರು. ಅಲಮೇಲು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಒಂದು ಸುತ್ತಿನಲ್ಲಿ ಸಂಪತ್ಕುಮಾರ ಎರಡಂಗುಲ ಬೆಳೆದಿದ್ದ.

"ಇವನ ರಕ್ತ ತೊಗೊಳಲ್ವೇ?" ಎಂದು ಗೋದಮ್ಮ ಕೇಳಿದರು.

"ಬೇಡ ಅಜ್ಜಿ, ಸಾಕು," ಎಂದು ಅನುಶ್ರೀ ಪೆಟ್ಟಿಗೆ ಮುಚ್ಚಿದರು. ಮುಖ ಯಾಕೋ ಸಪ್ಪಗಾಗಿತ್ತು.

ಮನೆಯ ಹಿರಿಯ ಮಗನೆಂಬ ಗತ್ತಿನಲ್ಲಿ ಸಂಪತ್ಕುಮಾರ ಅವರನ್ನು ಜೀಪಿನವರೆಗೆ ಕಳಿಸಲು ಹೋದ.

"ಬೇಜಾರು ಮಾಡ್ಕೋಬೇಡಿ ಸಾರ್," ಎಂದರು ಅನುಶ್ರೀ. "ಬಾಗೋ ಬೆರಳು ನಮಗೆ ಬೇಕಾದಷ್ಟು ಸಿಗತ್ತೆ. ನಾನು ಬಂದಿದ್ದೇ ನಿಮಗೋಸ್ಕರ. ಹಿರಿಯಣ್ಣನಿಗೆ ಬಾಗಲ್ಲ ಅಂತ ಗಿರಿಧರ್ ಅವರು ಫೋನಲ್ಲಿ ಹೇಳಿದ್ರು."

"ನನಗೋಸ್ಕರವಾ?"

"ಹೂಂ. ಒಂದೇ ತಾಯಿತಂದೆ ಮಕ್ಕಳಲ್ಲಿ ತಪ್ಪು ಇಲ್ಲದೆ ಹುಟ್ಟಿದ ಒಬ್ಬರು ಬೇಕಿತ್ತು. ಅವರ ರಕ್ತದ ಪಕ್ಕ ಇಟ್ಟು ನೋಡಿದ್ರೇನೇ ಉಳಿದವರ ತಪ್ಪು ಎಲ್ಲಿದೆ ಅಂತ ಗೊತ್ತಾಗೋದು. ದೆಹಲಿಯ ಸಮ್ಮೇಳನಕ್ಕೆ ಕರ್ಕೊಂಡು ಹೋಗಿ, ಡಾಕ್ಟರುಗಳ ಮುಂದೆ ಪರಿಚಯ ಮಾಡಿಸ್ಬೇಕು ಅಂತ ಟಿಕೆಟ್ಟಿಗೂ ಕೇಳಿಟ್ಟಿದ್ದೆ. ಒಂದು ಕೈ ಬಾಗಿ ಒಂದು ಕೈ ಬಾಗದೇ ಇದ್ರೆ ನಿಮ್ಮನ್ನ ಆ ಕಡೆಗೂ ಸೇರಿಸೋಕಾಗಲ್ಲ, ಈ ಕಡೆಗೂ ಸೇರಿಸೋಕಾಗಲ್ಲ." ಜೀಪು ಹತ್ತಿ ಕೂತು ಕೊನೆಯ ಆಸೆಯಿಂದ ತಲೆ ಹೊರಹಾಕಿದರು. "ನಿಮ್ಮ ಮನೇಲಿ ಬಾಗದವರು ಇನ್ಯಾರೂ ಇಲ್ವಾ ಸಾರ್?"

ಜಗಲಿಯ ಮೇಲೆ ಗೋದಮ್ಮ ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು: "ನಮ್ಮ ಮನೇಲಿ ಬಾಗದವರು ಅಂತ ಈಗ ಒಬ್ಬರೂ ಇಲ್ಲ. ಸಂಪತ್ತೂ ನಮ್ಮವನೇ."

"ಇಲ್ಲಮ್ಮ," ಎಂದ ಸಂಪತ್ಕುಮಾರ. "ಒಬ್ಬರೂ ಇಲ್ಲ."

ಜೀಪು ಅರಕಲಗೂಡಿನ ಕಡೆ ತಿರುಗಿತು. ಹೊರಡುವಾಗ ಅನುಶ್ರೀ ಹೇಳಿದ್ದರು, ಅಲ್ಲೂ ಇಂಥದೇ ಒಂದು ಮನೆಯಲ್ಲಿ ಬೆರಳು ಬಾಗದ ಅಣ್ಣನೊಬ್ಬ ಇದ್ದಾನಂತೆ, ಪುಣ್ಯವಂತ. ಸಂಪತ್ಕುಮಾರ ಎಡಗೈ ಎತ್ತಿ ಬೀಸಿದ. ಹೋಗಬೇಕಾಗಿದ್ದ ದೆಹಲಿಯ ಮಾತನ್ನು ಗೋದತ್ತೆಗಾಗಲಿ ತಮ್ಮಂದಿರಿಗಾಗಲಿ, ಕೊನೆಗೆ ಅಲಮೇಲುವಿಗಾಗಲಿ, ಈ ಜನ್ಮದಲ್ಲಿ ಹೇಳುವುದಿಲ್ಲವೆಂದು ಅಲ್ಲೇ ನಿರ್ಧರಿಸಿದ.