ಉಪಚಾರಕ್ಕೆ ಬಗ್ಗದ ಅತಿಥಿ

ನಮ್ಮ ದೊಡ್ಡಮ್ಮನ ಮನೆಗೆ ಹೋಗಿ ಉಣ್ಣದೆ ಹೊರಬಂದವರು ಈ ಭೂಮಿಯ ಮೇಲೆ ಒಬ್ಬರೂ ಇಲ್ಲ ಎಂದು ನಾನು ಧೈರ್ಯವಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಗ್ಯಾಸ್ ತಂದವರು, ನೀರಿನ ಫಿಲ್ಟರ್ ರಿಪೇರಿಗೆ ಬಂದವರು, ತಪ್ಪಿ ಅವಳ ಮನೆಯ ಬೆಲ್ ಒತ್ತಿದ ಕೊರಿಯರ್‌ನವರು, ಎಲ್ಲರೂ ರೊಟ್ಟಿ, ಎಣಗಾಯಿ ಉಂಡೇ ಲಿಫ್ಟ್ ಹತ್ತಿದ್ದಾರೆ. ರಾಣೆಬೆನ್ನೂರಿನಿಂದ ವೈಟ್‌ಫೀಲ್ಡಿನ ಏಳನೆಯ ಮಹಡಿಗೆ ಬಂದು ನೆಲೆಸಿದರೂ ಅವಳ ನೇಮ ಒಂದೇ: ಮನೆಗೆ ಬಂದವರು ಉಣ್ಣುವ ತನಕ ತಾನು ಉಣ್ಣಬಾರದು. ನೀವು "ಸಾಕು" ಎಂದರೆ ಅವಳು ಇನ್ನೊಂದು ರೊಟ್ಟಿ ಹಾಕುತ್ತಾಳೆ. ಇಂಥವಳನ್ನು ಸೋಲಿಸಿದ್ದು ಯಾರು ಗೊತ್ತೇ? ಒಂದು ಊಸರವಳ್ಳಿ!

ಅದು ಪಕ್ಕದ ಫ್ಲ್ಯಾಟಿನ ಎಂಜಿನಿಯರ್ ಸಾಕಿದ್ದು. ಹೊರದೇಶದ ತಳಿ, ಕಾಗದಪತ್ರವೆಲ್ಲ ಸರಿಯಾಗಿದೆಯಂತೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಆತ ಆಸ್ಪತ್ರೆಯಿಂದಲೇ ಫೋನ್ ಮಾಡಿದ್ದ. "ಆಂಟಿ, ನಾಲ್ಕೇ ದಿನ ನೋಡ್ಕೊಳಿ. ಪಂಜರ, ಜಿರಲೆ ಡಬ್ಬಿ ಎರಡನ್ನೂ ನಿಮ್ಮನೆಗೆ ಕಳಿಸ್ತೀನಿ. ಬೇರೆ ಡಬ್ಬಿಗೆ ನಾಲ್ಕು ಜಿರಲೆ ಹಾಕಿ ಪಂಜರದೊಳಗಿಟ್ಬಿಡಿ, ಅದೇ ತಿನ್ಕೊಳುತ್ತೆ."

ಹೇಳಿದ್ದು ಯಾರಿಗೆ? ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ, ಲಿಂಗಪೂಜೆಯಾಗದೆ ಬಾಯಿಗೆ ಏನೂ ಹಾಕದ ನಮ್ಮ ದೊಡ್ಡಮ್ಮನಿಗೆ! ಭಾನುವಾರ ನಾನು ಊಟದ ಆಸೆಗೆ ಕಾಡುಗೋಡಿಯಿಂದ ಹೋದಾಗ ಅವಳು ಡಬ್ಬಿಯ ಜಿರಲೆಗಳಿಗೆ ಕ್ಯಾರೆಟ್ ತುರಿದು ಹಾಕುತ್ತಿದ್ದಳು.

"ಜಿರಲೆಗೂ ಊಟನಾ ದೊಡ್ಡಮ್ಮ?"

"ಹೆಂಗೂ ಸಾಯೋ ಜೀವ. ಹಸಕೊಂಡು ಸಾಯಬಾರದು ನೋಡು" ಎಂದು ಇನ್ನಷ್ಟು ತುರಿದಳು. ಆಮೇಲೆ ಅವುಗಳಿಗೆ ಕೈಮುಗಿದು, ಹೆಸರು ಕೊರೆಸಿದ ಸ್ಟೀಲ್ ಬಟ್ಟಲಿಗೆ ನಾಲ್ಕನ್ನು ಬಿಟ್ಟು, ಪಂಜರದೊಳಗೆ ಇಟ್ಟಳು. ಅತಿಥಿಗೆ ಪ್ಲಾಸ್ಟಿಕ್ಕಿನಲ್ಲಿ ಬಡಿಸುವುದುಂಟೇ? ಊಸರವಳ್ಳಿ ಇಳಿದು ಬಂದು ಬಟ್ಟಲಿನಲ್ಲಿ ತನ್ನದೇ ಮುಖ ಕಂಡಿತು. ಬೇರೊಬ್ಬ ಪಂಕ್ತಿಗೆ ಕೂತಿದ್ದಾನೆ ಎಂದುಕೊಂಡಿತೋ ಏನೋ, ಉಬ್ಬಿ ಕಪ್ಪಾಗಿ, ಬುಸುಗುಟ್ಟಿ ಮೇಲೆ ಹತ್ತಿತು.

ದೊಡ್ಡಮ್ಮ ಸೋಲೊಪ್ಪಲಿಲ್ಲ. ಮರುದಿನ ಪೇಡೆಯ ಪಾರದರ್ಶಕ ಡಬ್ಬಿ ಬಂತು. ಊಸರವಳ್ಳಿ ಹೊರಗಿನಿಂದಲೇ ಜಿರಲೆಗೆ ಗುರಿಯಿಟ್ಟು ನಾಲಿಗೆ ಬೀಸಿತು. ನಾಲಿಗೆ ಪ್ಲಾಸ್ಟಿಕ್ಕಿಗೆ ಬಡಿಯಿತು. ಕರೆದು ಅವಮಾನ ಮಾಡಿದರೆ ಯಾರು ತಾನೇ ಉಣ್ಣುತ್ತಾರೆ? ಆ ಡಬ್ಬಿಯ ಕಡೆ ಅದು ಮತ್ತೆ ಕಣ್ಣು ಹಾಯಿಸಲಿಲ್ಲ, ಬೇರೆ ಬೇರೆ ದಿಕ್ಕಿಗೆ ತಿರುಗುವ ಎರಡು ಕಣ್ಣಲ್ಲಿ ಒಂದನ್ನೂ.

ನಾಲ್ಕು ದಿನ ಹೋಗಿ ಒಂಬತ್ತಾಯಿತು. ಆಸ್ಪತ್ರೆಯಲ್ಲಿ ಕಾಲಿಗೆ ಎರಡನೆಯ ಆಪರೇಷನ್. ನಾನು ಮತ್ತೆ ಹೋದಾಗ ಇಲ್ಲಿ ಊಸರವಳ್ಳಿಯ ಕಣ್ಣು ಗುಳಿಬಿದ್ದಿತ್ತು. ಅದಕ್ಕಿಂತ ನನಗೆ ಗಾಬರಿಯಾದದ್ದು ದೊಡ್ಡಮ್ಮನ ಮುಖ ನೋಡಿ. ಅಡುಗೆಮನೆಯಲ್ಲಿ ರೊಟ್ಟಿ ಬಡಿದ ಗುರುತೇ ಇರಲಿಲ್ಲ. ಒಂಬತ್ತು ದಿನದಿಂದ ಬರೀ ಚಹಾ, ಎರಡು ಬಾಳೆಹಣ್ಣು!

"ಮನಿಗೆ ಬಂದ ಜೀವ ಉಪಾಸ ಕುಂತೈತಿ. ನನ್ನ ಗಂಟಲದಾಗ ತುತ್ತು ಹೆಂಗ ಇಳೀತೈತಿ?"

ಬೈದರೂ ಕೇಳಲಿಲ್ಲ. ನಾನೇ ಆಸ್ಪತ್ರೆಗೆ ಫೋನ್ ಹಚ್ಚಿದೆ. ಎಂಜಿನಿಯರ್ ಹೇಳಿದಂತೆ ಬಿಳಿಯ ಮೊಸರಿನ ಡಬ್ಬಿಯೊಳಗೆ ಸೊಳ್ಳೆ ಪರದೆಯ ತುಂಡು ಅಂಟಿಸಿ, ಜಿರಲೆಗಳು ಹತ್ತಿ ಓಡಾಡುವಂತೆ ಮಾಡಿ, ಕೊಂಬೆಯ ಮಟ್ಟಕ್ಕೆ ನೇತುಹಾಕಿದೆವು. ದೊಡ್ಡಮ್ಮ ಪಂಜರಕ್ಕೆ ಮೂಗು ತಾಗುವಷ್ಟು ಹತ್ತಿರ ಕೂತು ಶುರುಮಾಡಿದಳು. "ಒಂದರ ತಿನ್ನಪಾ. ನಾಚಕೋಬ್ಯಾಡ. ನಿಂದ ಮನಿ ಅಂತ ತಿಳಕೋ."

ಅದು ಕೊಂಬೆಯ ಹಿಂದೆ ಸರಿಯಿತು.

"ಆಂಟಿ ಎಲ್ಲಿ ಕೂತಿದಾರೆ?" ಎಂದಿತು ಸ್ಪೀಕರಿಗೆ ಹಾಕಿದ್ದ ಫೋನು.

"ಎದುರಿಗೆ ಕುಂತೀನಿ. ಉಣ್ಣೋರನ್ನ ಒಬ್ಬರನ್ನೇ ಬಿಟ್ಟು ಹೋಗತಾರೇನು?"

"ಅಯ್ಯೋ ಆಂಟಿ, ಅದಕ್ಕೇ ತಿಂತಿಲ್ಲ. ನೋಡ್ತಾ ಕೂತ್ರೆ ಅದು ತಿನ್ನಲ್ಲ. ಆ ಕಡೆ ತಿರುಗಿ ಕೂತ್ಕೊಳಿ, ಪ್ಲೀಸ್."

ಅರವತ್ತೆಂಟು ವರ್ಷದ ದೊಡ್ಡಮ್ಮನ ಉಪಚಾರಕ್ಕೆ ಇಂಥ ಮಾತು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವಳು ಕುರ್ಚಿ ತಿರುಗಿಸಿದಳು. ನಾನೂ ತಿರುಗಿಸಿದೆ. ಇಬ್ಬರೂ ಗೋಡೆ ನೋಡುತ್ತ, ಶಿಕ್ಷೆಗೊಳಗಾದ ಶಾಲೆ ಮಕ್ಕಳ ಹಾಗೆ ಕೂತೆವು. ಹತ್ತು ನಿಮಿಷವಾಯಿತು. ಹಿಂದಿನಿಂದ "ಟಪ್" ಎಂದಿತು. ನಾನು ತಿರುಗಲು ಹೋದರೆ ಅವಳು ನನ್ನ ಮೊಣಕಾಲು ಒತ್ತಿ ಹಿಡಿದಳು. ಮತ್ತೆ "ಟಪ್".

"ಉಂಡಿತು" ಎಂದು ಪಿಸುಗುಟ್ಟಿದಳು.

ಇನ್ನು ಎದ್ದು ರೊಟ್ಟಿ ಬಡಿಯುತ್ತಾಳೆ ಎಂದುಕೊಂಡೆ. ಅವಳು ಏಳಲಿಲ್ಲ.

"ನಿಮ್ಮ ದೊಡ್ಡಪ್ಪನೂ ಕಡೀಕ ಇದನ್ನ ಅಂತಿದ್ರು. ಹಾಸಿಗಿ ಹಿಡದಾಗ. ನೀ ಆ ಕಡೆ ಹೋಗು, ನಾ ಉಣತೀನಿ ಅಂತ. ಕೈ ನಡುಗಿ ಮೈಮ್ಯಾಲ ಚೆಲ್ಲತಿದ್ರಲ್ಲ, ಅದನ್ನ ನಾ ನೋಡೋದು ಅವರಿಗೆ ಬ್ಯಾಡಾಗಿತ್ತು. ನಾ ಒಂದು ದಿನಾನೂ ಹೋಗಲಿಲ್ಲ ತಮ್ಮಾ. ಎದುರಿಗೇ ಕುಂತು, ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತಿದ್ದೆ. ಅವರು ಬಾಯಿ ಮುಚ್ಚಕೊಂಡ ಬಿಡತಿದ್ರು."

ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಈ ಮಾತನ್ನು ಅವಳು ಯಾರ ಹತ್ತಿರವೂ ಆಡಿರಲಿಲ್ಲ. ಅವಳ ಸೆರಗು ಕಣ್ಣಿಗೆ ಹೋದದ್ದು ಪಕ್ಕದಿಂದಲೇ ತಿಳಿಯಿತು.

ನಾನು ಅವಳ ಕಡೆ ತಿರುಗಲಿಲ್ಲ.