ಹೊಳೆಯಾಚೆಯ ರೂಪಾಯಿ

ಇದನ್ನೆಲ್ಲ ನನಗೆ ಮೊದಲು ಹೇಳಿದವಳು ನಮ್ಮಜ್ಜಿ, ಕುರುಗೋಡಿನ ಈರಮ್ಮ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಬಂದ ಹುರುಪಿನಲ್ಲಿ ನಾನು ಅವಳಿಗೆ ನಾಣ್ಯ ವಿನಿಮಯವೆಂದರೆ ಏನೆಂದು ತಿಳಿಸಲು ಹೋಗಿದ್ದೆ. "ರೊಕ್ಕ ಬದಲಾದ ಸೀಮಿಗೆ ಹೋದೋರಿಗೆ ಇಂಥಾವು ಆಗ್ತಾನ ಇರ್ತಾವ, ಕೂಡು ಇಲ್ಲಿ" ಎಂದು ಅವಳೇ ನನಗೆ ಪಾಠ ಶುರು ಮಾಡಿದಳು.

ಆಗ ಬಳ್ಳಾರಿ ಇಂಗ್ಲಿಷರ ಕೈಯಲ್ಲಿತ್ತು. ತುಂಗಭದ್ರೆಯ ಆಚೆ ದಡ ನಿಜಾಮರದು. ನಮ್ಮವರ ಬಾಯಲ್ಲಿ ಅದು ಮೊಗಲಾಯಿ. ಹೊಳೆ ದಾಟಿದರೂ ಮಾತು ಅದೇ, ರೊಟ್ಟಿ ಅದೇ, ಬೀಗರೂ ನಮ್ಮವರೇ. ರೊಕ್ಕ ಮಾತ್ರ ಬೇರೆ. ಈಚೆ ರಾಣಿಯ ತಲೆಯಿದ್ದ ಕಂಪನಿ ರೂಪಾಯಿ, ಆಚೆ ಅದಕ್ಕಿಂತ ಬೆಲೆ ಕಡಿಮೆಯ ಮೊಗಲಾಯಿ ರೂಪಾಯಿ. ಅದು ಸಾಲದೆಂದು ಮೊಗಲಾಯಿಯವರು ಆಗಷ್ಟೇ ಸುತ್ತಿಗೆಯಲ್ಲಿ ಬಡಿದ ಹಳೇ ರೂಪಾಯಿ ಬಿಟ್ಟು, ಯಂತ್ರದಲ್ಲಿ ಒತ್ತಿದ ಹೊಸದನ್ನು ತಂದಿದ್ದರು.

ಅಜ್ಜಿಯನ್ನು ಆಚೆ ದಡದ ಊರಿಗೆ ಕೊಟ್ಟಿತ್ತು. ಚೊಚ್ಚಲ ಬಸುರಿ. ಕುಬುಸದ ಶಾಸ್ತ್ರ ಮಾಡಿ, ಹೊಳೆ ತುಂಬುವ ಮೊದಲು ಅವಳನ್ನು ತವರಿಗೆ ಕರೆತರಬೇಕು. ಹೊಳೆ ತುಂಬಿತೋ, ಬಾಣಂತನ ಅತ್ತೆಮನೆಯಲ್ಲೇ. ಹಾಗೆಂದು ಹೊರಟವರು ಇಬ್ಬರು: ಅಜ್ಜಿಯ ತಾಯಿ, ಅಂದರೆ ನನ್ನ ಮುತ್ತಜ್ಜಿ, ಮತ್ತು ಅವಳ ತಮ್ಮ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಹತ್ತಿ ದಲ್ಲಾಳಿಯಾಗಿದ್ದ ಮಾವ. ಲೋಕದ ರೊಕ್ಕವೆಲ್ಲ ತನಗೆ ಗೊತ್ತು ಎಂಬುದು ಮಾವನ ನಂಬಿಕೆ.

ಒಂದೇ ಥರದವು

ಮಾವ ಬ್ರೂಸ್‌ಪೇಟೆಯ ಶರಾಫನ ಹತ್ತಿರ ರೂಪಾಯಿ ಬದಲಿಸಲು ಹೋದ. ಶರಾಫ ಮೊಗಲಾಯಿಯ ಹೊಸ ರೂಪಾಯಿ ಎಣಿಸಿ ಮುಂದಿಟ್ಟ. ಮಾವ ಒಂದನ್ನು ಎತ್ತಿ ನೋಡಿದ, ಇನ್ನೊಂದನ್ನು ಎತ್ತಿ ನೋಡಿದ, ಎರಡನ್ನೂ ಕೆಳಗಿಟ್ಟ.

"ಇವು ಖೋಟಾ ಅದಾವ."

"ಹೊಸಾ ಟಂಕಸಾಲಿ ಮಾಲು ಸಾವ್ಕಾರ್ರ, ಖೋಟಾ ಹೆಂಗಾಗ್ತಾವ?"

"ಎಲ್ಲಾ ಒಂದೇ ಥರ ಅದಾವಲ್ಲ! ಒಬ್ಬ ತಾಯಿ ಹೊಟ್ಯಾಗ ಹುಟ್ಟಿದ ನಾವು ಅಣ್ಣತಮ್ಮರು ಒಂದೇ ಥರ ಇಲ್ಲ. ಇವು ಇಷ್ಟು ಒಂದೇ ಥರ ಅದಾವ ಅಂದ್ರ ಯಾವನೋ ಕಳ್ಳ ಅಚ್ಚು ಹಾಕ್ಯಾನ."

ಹೀಗೆ ಹೇಳಿ ಮಾವ ಶರಾಫನ ಡಬ್ಬಿಯ ತಳಕ್ಕೇ ಕೈ ಹಾಕಿ, ಸೊಟ್ಟಗೆ ಸವೆದು ಛಾಪು ಕಾಣದ ಹಳೆಯವನ್ನೇ ಆರಿಸಿಕೊಂಡ. ಎಷ್ಟು ಸೊಟ್ಟವೋ ಅಷ್ಟು ಅಸಲು. ಶರಾಫ ಬಾಗಿಲತನಕ ಬಂದು, ಎಲೆ ಅಡಿಕೆ ಕೊಟ್ಟು, ಕೈಮುಗಿದು ಕಳಿಸಿದ. ಶರಾಫ ಎಲೆ ಅಡಿಕೆ ಕೊಟ್ಟಾಗಲೇ ಮಾವನಿಗೆ ತಿಳಿಯಬೇಕಿತ್ತು. ಮಾವ ಇನ್ನೊಂದು ಅಡಿಕೆ ಕೇಳಿ ಇಸಿದುಕೊಂಡ.

ನಡುಹೊಳೆ

ಸಿರುಗುಪ್ಪದ ಹತ್ತಿರ ಹೊಳೆ ದಾಟಬೇಕು. ಆಗಲೇ ನೀರು ಕೆಂಪಗೆ ಬರತೊಡಗಿತ್ತು. ಹರಿಗೋಲಿನವನು ಹೇಳಿದ, "ಈ ದಡದಾಗ ಕೊಟ್ರ ಕಂಪನಿ ದುಡ್ಡು ಕೊಡ್ರಿ, ಆ ದಡದಾಗ ಕೊಟ್ರ ಮೊಗಲಾಯಿ ದುಡ್ಡು."

ಮಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎರಡರಲ್ಲೂ ಹರಿಗೋಲಿನವನಿಗೇ ಲಾಭವೆಂದು ತೋರಿತು. "ಅರ್ಧಾ ಇಲ್ಲಿ ಕೊಡ್ತೀನಿ, ಅರ್ಧಾ ಅಲ್ಲಿ" ಎಂದ. ಅವನು ತಲೆಯಾಡಿಸಿ ಹೊರಟ. ನಡುಹೊಳೆಗೆ ಬಂದದ್ದೇ ತಡ, ಹುಟ್ಟು ಎತ್ತಿ ಒಳಗಿಟ್ಟು ಕುಳಿತ. ಹರಿಗೋಲು ಬುಗುರಿಯ ಹಾಗೆ ಗರಗರ ತಿರುಗತೊಡಗಿತು.

"ಯಾಕಲೇ ನಿಲ್ಲಿಸಿದಿ?"

"ನೀವು ಅರ್ಧಾ ಕೊಟ್ಟೀರಿ ಸಾವ್ಕಾರ್ರ, ನಾನು ಅರ್ಧಾ ಬಂದೀನಿ."

"ಈಗ ಯಾವ ರೊಕ್ಕ ಕೊಡ್ಲಿ? ಇದು ಯಾರ ಸೀಮಿ?"

"ನನಗೇನು ಗೊತ್ತು? ಹೊಳ್ಯಾಗಿನ ಮೀನಿಗೆ ಕೇಳ್ರಿ."

ಮಾವನಿಗೆ ತಲೆ ತಿರುಗಿ ಅವನು ಕಣ್ಣು ಮುಚ್ಚಿದ. ಮುತ್ತಜ್ಜಿ ಬುತ್ತಿಗಂಟು ಬಿಚ್ಚಿ, ಎರಡು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಹರಿಗೋಲಿನವನ ಕೈಗಿಟ್ಟಳು. "ತಿನ್ನಪ್ಪ. ಇದಕ್ಕ ಯಾವ ಸರಕಾರದ ಛಾಪೂ ಬೇಕಾಗಿಲ್ಲ."

ಅವನು ಬಾಯಲ್ಲಿ ರೊಟ್ಟಿ ಕಚ್ಚಿಕೊಂಡೇ ದಡ ಮುಟ್ಟಿಸಿದ.

ಸೊಟ್ಟ ಗೋಡೆ

ಆಚೆ ಊರಿನಲ್ಲಿ ಕುಬುಸಕ್ಕೆ ಖಣ, ಕಾಯಿ, ಬೆಲ್ಲ ಕೊಳ್ಳಬೇಕು. ಅಂಗಡಿಯ ಸಾಹೇಬರು ಮಾವನ ರೂಪಾಯಿಗಳನ್ನು ಅಂಗೈಯಲ್ಲಿ ಹರಡಿ ನಿಟ್ಟುಸಿರು ಬಿಟ್ಟರು.

"ಇವು ಮುದಿಯಾಗ್ಯಾವಪ್ಪ. ಈಗ ಎಲ್ಲಾ ಹೊಸಾವು. ಬದಲಿ ಮಾಡಿದ್ದಕ್ಕ ವಟ್ಟಾ ಮುರಕೊಂಡು ಇವಕ್ಕ ಅರ್ಧಾ ರೇಟು ಕೊಡ್ತೀನಿ ನೋಡು."

"ಅರ್ಧಾ? ಇವು ಅಸಲು ಅದಾವ್ರಿ! ನೋಡ್ರಿ, ಎಷ್ಟು ಸೊಟ್ಟ ಅದಾವ!"

"ಸೊಟ್ಟ ಇದ್ದದ್ದೆಲ್ಲಾ ಅಸಲು ಅಂದ್ರ, ನಮ್ಮ ಮನಿ ಗ್ವಾಡಿ ನಿಜಾಮರ ಖಜಾನಿ ಆಗ್ಬೇಕಿತ್ತು."

ಖಣ, ಕಾಯಿ, ಬೆಲ್ಲ ಬಂದವು, ರೊಕ್ಕ ತೀರಿತು. ಮಗಳನ್ನು ಕರೆದೊಯ್ಯಲು ಗಾಡಿ ಬಾಡಿಗೆಗೂ ಹರಿಗೋಲಿಗೂ ಒಂದು ಕಾಸಿಲ್ಲ. ಮಾವನ ಕಣ್ಣು ಅಕ್ಕನ ಕೊರಳಿಗೆ ಬಿತ್ತು. ಅಲ್ಲಿ ಕರಿದಾರದಲ್ಲಿ ಪೋಣಿಸಿದ ಕಂಪನಿ ರೂಪಾಯಿಗಳ ಸರವಿತ್ತು.

"ಅಕ್ಕಾ, ಅದರಾಗ ಒಂದು..."

"ಕೊಳ್ಳಾಗಿನ ಸರಕ್ಕ ಕೈ ಹಾಕಿದಿ ಅಂದ್ರ ಕೈ ಮುರೀತೀನಲೇ. ಇದನ್ನೂ ಒಯ್ದು ಸೊಟ್ಟ ಮಾಡಿಸ್ಕೊಂಡು ಬರ್ತಿ."

ಕಿರೀಟದಾಕಿ

ಕುಬುಸವೇನೋ ಚಂದವಾಗಿಯೇ ಆಯಿತು. ಆಮೇಲೆ ಪಡಸಾಲೆಯಲ್ಲಿ ಗಂಡಸರೆಲ್ಲ ಒಂದೇ ರಾಗ ಹಿಡಿದರು: "ಹೊಳಿ ಬರಾಕತ್ತೈತಿ, ಹುಡುಗಿ ಇಲ್ಲೇ ಹಡೀಲಿ." ಅಜ್ಜಿ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ಅಳುತ್ತ ನಿಂತಿದ್ದಳಂತೆ. ಬೀಗತಿ, ಅಂದರೆ ಅಜ್ಜಿಯ ಅತ್ತೆ, ಮುತ್ತಜ್ಜಿಯ ಕೊರಳನ್ನೇ ನೋಡುತ್ತ ಕುಳಿತಿದ್ದಳು. ಕೊನೆಗೆ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಈಕಿ ಯಾರ್ರಿ ಬೀಗತ್ಯಾರ, ಕಿರೀಟ ಇಟ್ಟಾಕಿ? ನಿಮ್ಮ ಕಡಿ ದೇವ್ರೇನು?"

ಮುತ್ತಜ್ಜಿ ಸುಳ್ಳು ಹೇಳುವವಳಲ್ಲ. ಆಗಲೂ ಹೇಳಲಿಲ್ಲ. "ನಮ್ಮ ಸೀಮ್ಯಾಗ ಈಕಿ ಇಲ್ದ ಏನೂ ನಡಿಯಂಗಿಲ್ರಿ. ಹುಟ್ಟಿದ್ರೂ ಬೇಕು, ಸತ್ರೂ ಬೇಕು."

"ಶಕ್ತಿ ಐತೇನು?"

"ಕೋರ್ಟು ಕಚೇರ್ಯಾಗ ಈಕಿ ಕಂಡ್ರ ಎಂಥಾ ಕೆಲಸಾನೂ ಆಗ್ತೈತ್ರಿ."

"ಮನ್ಯಾಗ ನಿಲ್ತಾಳೇನು?"

"ಅದೊಂದು ಮಾತ್ರ ಕೇಳಬ್ಯಾಡ್ರಿ."

ಮಾವ ಕೆಮ್ಮು ಬಂದವನ ಹಾಗೆ ಬಾಯಿಗೆ ರುಮಾಲು ಹಿಡಿದ.

ಬೀಗತಿ ಎದ್ದು ಪಡಸಾಲೆಯ ಕಡೆ ತಿರುಗಿದಳು. "ದೇವ್ರೇ ಹುಡುಗೀನ ಕರಿಯಾಕ ಬಂದಾಳ. ಬ್ಯಾಡ ಅಂದು ಆಕಿ ಸಿಟ್ಟು ಯಾರು ಕಟ್ಕೋತೀರಿ, ಹೇಳ್ರಿ." ಗಂಡಸರು ಒಬ್ಬೊಬ್ಬರಾಗಿ ರುಮಾಲು ಸುತ್ತಿಕೊಂಡು ಎದ್ದರು. ಬೀಗತಿ ತನ್ನ ದೇವರ ಜಗಲಿಯ ಮೇಲಿಡಲು ಸರದಿಂದ ಒಂದನ್ನು ಬೇಡಿಕೊಂಡಳು. "ದೇವ್ರನ್ನ ಪುಕ್ಕಟೆ ತಗೋಬಾರ್ದು" ಎಂದು, ಕಾಣಿಕೆಯಾಗಿ ಫಳಫಳ ಹೊಳೆಯುವ ಹೊಸ ಮೊಗಲಾಯಿ ರೂಪಾಯಿಯನ್ನು ಮುತ್ತಜ್ಜಿಯ ಉಡಿಗೆ ಹಾಕಿದಳು. ಮಾವ ಖೋಟಾ ಅಂದಿದ್ದನಲ್ಲ, ಅಂಥದ್ದೇ. ಗಾಡಿಗೂ ಆಯಿತು, ಹರಿಗೋಲಿಗೂ ಆಯಿತು. ಹೊಳೆ ತುಂಬುವ ಹೊತ್ತಿಗೆ ಅಜ್ಜಿ ಕುರುಗೋಡಿನಲ್ಲಿ ಕಾಲು ಚಾಚಿ ಕುಳಿತಿದ್ದಳು.

ಕೂಸಿನೊಂದಿಗೆ ಅಜ್ಜಿ ಅತ್ತೆಮನೆಗೆ ಮರಳಿದಾಗ ಇಂಗ್ಲೆಂಡಿನ ರಾಣಿ ಜಗಲಿಯ ಮೇಲೆ ಕುಂಕುಮ ಹಚ್ಚಿಸಿಕೊಂಡು ಕುಳಿತಿದ್ದಳು. ಅಜ್ಜಿಗೆ ಸಂಕಟವಾಯಿತು.

"ಅತ್ತೀ, ಸಿಟ್ಟಾಗಬ್ಯಾಡ್ರಿ. ಅದು ದೇವ್ರಲ್ಲ, ಕಂಪನಿ ರೂಪಾಯಿ."

ಅತ್ತೆ ಪಡಸಾಲೆಯತ್ತ ಇಣುಕಿ ನೋಡಿ, ಬಾಗಿಲು ಮುಂದೆ ಮಾಡಿದಳು. "ಗೊತ್ತೈತಿ, ಸಣ್ಣಕ ಮಾತಾಡು. ನಮ್ಮನಿಯವ್ರು ಕೈ ಹಾಕದ ಜಾಗ ಈ ಮನ್ಯಾಗ ಅದೊಂದೇ. ಅಲ್ದ, ಮೊಗಲಾಯಿ ರೂಪಾಯಿ ಕೊಟ್ರ ವಟ್ಟಾ ಇಲ್ದ ಕಂಪನಿ ರೂಪಾಯಿ ಯಾವ ಶರಾಫ ಕೊಡ್ತಾನ?"

ನನ್ನ ಅರ್ಥಶಾಸ್ತ್ರವನ್ನು ಅಲ್ಲಿಗೆ ಬದಿಗಿಟ್ಟು, ಅಜ್ಜಿಯ ಮುಂದೆ ಎಲೆಯ ತಟ್ಟೆ ಸರಿಸಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ, "ಇದನ್ನ ನಿನ್ನ ಗೆಳತ್ಯಾರಿಗೆ ಹೇಳು, ಹೆಣ್ಮಕ್ಕಳಿಗೆ ಹೇಳು. ನಿನ್ನ ಅತ್ತೀಗೆ ಮಾತ್ರ ಹೇಳಾಕ ಹೋಗಬ್ಯಾಡ" ಎಂದಳು.

"ಯಾಕಜ್ಜಿ?"

"ಆಕಿಗೆ ಗೊತ್ತಿರ್ತೈತಿ."